ಅಪ್ಪ ತಿಂದಿಲ್ಲ ಎಂದ ತೆರಿಯಾಕಿ

ರಾಣೆಬೆನ್ನೂರಿನ ನಮ್ಮ ಮನೆಯ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಪಡಸಾಲೆಗೆ ನಾಲ್ಕಿದ್ದವು. ದೇವರ ಖೋಲಿಗೆ ಒಂದಿತ್ತು. ಹಿಂದೆ ಎಮ್ಮೆ ಕಟ್ಟುತ್ತಿದ್ದ ಹಿತ್ತಲ ಕೊಟ್ಟಿಗೆಗೂ ಒಂದು ಕಿಟಕಿ ಇತ್ತು, ಅದಕ್ಕೆ ಸರಳು ಹಾಕಿಸಿ ಹಸಿರು ಬಣ್ಣ ಬಳಿಸಿದ್ದರು. ಮನೆ ಕಟ್ಟಿಸಿದ ನಮ್ಮ ಹಿರಿಯರಿಗೆ ಎಮ್ಮೆಗೆ ಗಾಳಿ ಬೇಕು ಎಂದು ಹೊಳೆದಿತ್ತು. ಒಲೆಯ ಮುಂದೆ ದಿನಕ್ಕೆ ಎಂಟು ತಾಸು ನಿಲ್ಲುವವಳಿಗೂ ಬೇಕಾದೀತು ಎಂದು ಹೊಳೆದಿರಲಿಲ್ಲ. ಮಾಳಿಗೆಯಲ್ಲಿ ಊಟದ ತಾಟಿನಷ್ಟು ಅಗಲದ ಬೆಳಕಿಂಡಿಯೊಂದಿತ್ತು, ಹೊಗೆ ಹೋದರೆ ಅದರಲ್ಲೇ ಹೋಗಬೇಕು, ಬೆಳಕು ಬಂದರೆ ಅದರಲ್ಲೇ ಬರಬೇಕು. ಗ್ಯಾಸು ಬಂದ ಮೇಲೂ ರೊಟ್ಟಿ ಮಾತ್ರ ಕಟ್ಟಿಗೆಯ ಒಲೆಯ ಮೇಲೆಯೇ ಆಗಬೇಕು ಎಂಬುದು ಮನೆಯ ನಿಯಮ. ನಿಯಮ ಮಾಡಿದವರು ಯಾರೂ ರೊಟ್ಟಿ ಬಡಿಯುತ್ತಿರಲಿಲ್ಲ. ಈಗ ನನಗೆ ನಲವತ್ತು ದಾಟಿದೆ. ಹಾವೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ, ಮಕ್ಕಳ ಮೇಲೆ ದನಿ ಏರಿಸದ ಟೀಚರು ಎಂಬ ಹೆಸರಿದೆ. ಆದರೆ ಆ ಅಡುಗೆಮನೆ ನೆನಪಾದರೆ ಇವತ್ತಿಗೂ ನನ್ನ ಹಲ್ಲು ಬಿಗಿಯುತ್ತವೆ. ಸಿಟ್ಟು ಇಳಿಯಲಿ ಎಂದು ಇದನ್ನು ಬರೆಯುತ್ತಿಲ್ಲ. ಅದು ಎಲ್ಲಿಂದ ಬಂತು ಎಂಬುದನ್ನು ಸರಿಯಾಗಿ ಹೇಳಿಬಿಡಬೇಕು ಎಂದು ಬರೆಯುತ್ತಿದ್ದೇನೆ.

ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ ಊರಿನ ಒಂದು ಬೀಜದ ಕಂಪನಿಯಲ್ಲಿ ಹೊಲಗಳ ಸುಪರ್‌ವೈಸರ್. ಟೊಮೆಟೊ, ಮೆಣಸಿನ ಗಿಡಗಳಿಗೆ ಬಲೆಯ ಪರದೆ ಕಟ್ಟಿ, ಹೆಂಗಸರು ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಹೊಸ ತಳಿಯ ಬೀಜ ಮಾಡುವ ಕೆಲಸ ಅದು. ಅಪ್ಪ ಮೋಟರ್‌ಸೈಕಲ್ ಮೇಲೆ ಹಲಗೇರಿ, ಕುಪ್ಪೇಲೂರು ಅಂತ ಸುತ್ತಿ ಆ ಹೊಲಗಳನ್ನು ನೋಡಿಕೊಂಡು ಬರುತ್ತಿದ್ದ. ಅಪ್ಪನ ಅಕ್ಕ, ನನ್ನ ಅತ್ತಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಗೆ ಕೊಟ್ಟಾಕೆ. ಗಂಡ ಬೇಗ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ನಿಂತಳು, ನಿಂತವಳು ಮನೆಯ ಯಜಮಾನಿಕೆ ಹಿಡಿದಳು. ಅಪ್ಪನನ್ನು ಸಾಕಿದ್ದೇ ಅವಳಂತೆ, ಹಾಗಾಗಿ ಅವಳ ಎದುರು ಅಪ್ಪನ ಕುತ್ತಿಗೆ ಮೇಲಕ್ಕೆ ಏಳುತ್ತಿರಲಿಲ್ಲ. ಕಂಪನಿಯಲ್ಲಿ ಮಾತ್ರ ಅವನಷ್ಟು ಮಾತುಗಾರ ಇನ್ನೊಬ್ಬನಿರಲಿಲ್ಲವಂತೆ. ಇನ್ನು ಅವ್ವ, ಗಿರಿಜಾ, ಕುಪ್ಪೇಲೂರಿನ ರೈತರ ಮನೆಯ ಮಗಳು. ಏಳನೆಯ ಇಯತ್ತೆಗೆ ಸಾಲೆ ಬಿಡಿಸಿದ್ದರು. ಅವ್ವನ ಅಡುಗೆಗೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಲೆಕ್ಕವಿತ್ತು. ಎಣಗಾಯಿ ಚಲೋ ಆದರೆ ಅದು ಅತ್ತಿ ಹೇಳಿಕೊಟ್ಟದ್ದು. ಉಪ್ಪು ಹೆಚ್ಚಾದರೆ ಅದು ಕುಪ್ಪೇಲೂರಿನ ಕೈ. ಅಪ್ಪ ಎರಡನ್ನೂ ಒಂದೇ ಮುಖ ಮಾಡಿಕೊಂಡು ಉಣ್ಣುತ್ತಿದ್ದ. ಮದುವೆಯಾಗುವ ತನಕ ಆ ಮನೆಯಲ್ಲಿದ್ದೆ, ರುಚಿ ಆಗೇತಿ ಎಂದು ಅವನು ಅವ್ವನಿಗೆ ಅಂದದ್ದನ್ನು ನಾನು ಕೇಳಿಲ್ಲ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಕಂಪನಿಗೆ ಜಪಾನಿನಿಂದ ಒಬ್ಬ ಹೆಂಗಸು ಬಂದರು. ಹಿಸಾಯೊ ಅವರ ಹೆಸರು. ಮೆಣಸಿನ ತಳಿಯ ಕೆಲಸ ಗೊತ್ತಿದ್ದವರು, ಎರಡು ತಿಂಗಳು ಇದ್ದು ಇಲ್ಲಿನವರಿಗೆ ತೋರಿಸಿಕೊಡಬೇಕಿತ್ತು. ಕಂಪನಿಯ ಗೆಸ್ಟ್ ಹೌಸಿಗೆ ಆಗ ಸುಣ್ಣ ಬಣ್ಣ ನಡೆದಿತ್ತು. ದೊಡ್ಡ ಸಾಹೇಬರ ಕಣ್ಣಿಗೆ ಬೀಳಲಿ ಎಂದು ಅಪ್ಪ, ನಮ್ಮ ಮನೆಯ ಮೇಲಿನ ಖೋಲಿ ಖಾಲಿ ಇದೆ, ಮನೆಯ ಊಟ ಸಿಗುತ್ತದೆ, ಅಲ್ಲೇ ಇರಲಿ ಎಂದು ಹೇಳಿಬಂದ. ಅಡುಗೆ ಮಾಡುವವಳನ್ನು ಕೇಳಲಿಲ್ಲ. ಅತ್ತಿಯನ್ನು ಕೇಳಿದ. ಸಾಹೇಬರ ಮಾತು ಎಂದ ಮೇಲೆ ಅತ್ತಿಯೂ ಒಪ್ಪಿದಳು, ಆದರೆ ಷರತ್ತಿನ ಮೇಲೆ. ಮೇಲಿನ ಖೋಲಿಗೆ ಹೊರಗಿನಿಂದಲೇ ಮೆಟ್ಟಿಲು ಇದ್ದವು, ಆಕೆ ಅಲ್ಲಿಂದಲೇ ಹೋಗಿ ಬರಬೇಕು, ಊಟ ಪಡಸಾಲೆಯಲ್ಲಿ, ದೇವರ ಖೋಲಿಯತ್ತ ಸುಳಿಯಬಾರದು, ಅಡುಗೆಮನೆಗಂತೂ ಕಾಲಿಡಬಾರದು. ಹಿಸಾಯೊ ಮೇಡಂ ಐವತ್ತರ ಆಸುಪಾಸಿನ ಸಣ್ಣ ಆಳು. ಕತ್ತರಿಸಿದ ಕೂದಲು, ಬಿಸಿಲಿಗೆ ಅಗಲದ ಟೊಪ್ಪಿಗೆ, ಸದಾ ಗಿಡದ ಅಂಟಿನ ಕಲೆಯಿದ್ದ ಬೆರಳುಗಳು. ಬಂದ ದಿನವೇ ನಮ್ಮೆಲ್ಲರಿಗೂ ಬಾಗಿ ನಮಸ್ಕಾರ ಮಾಡಿದರು. ಅವ್ವನಿಗೆ ಬಾಗಿ ಯಾರೂ ನಮಸ್ಕಾರ ಮಾಡಿರಲಿಲ್ಲ. ಅವಳು ಗಾಬರಿಯಾಗಿ ತಾನೂ ಬಾಗಿದಳು, ಇಬ್ಬರೂ ಹಾಗೇ ಎರಡು ಮೂರು ಸಲ ಬಾಗಿದರು. ನಾನು ನಕ್ಕೆ.

ಮೇಡಂಗೆ ಖಾರ ಆಗಿಬರಲಿಲ್ಲ. ಅದರಲ್ಲಿ ತಮಾಷೆಯೂ ಇತ್ತು, ಇಡೀ ದಿನ ಮೆಣಸಿನ ಗಿಡದ ನಡುವೆ ಇರುವವರು ಮಧ್ಯಾಹ್ನ ಊಟಕ್ಕೆ ಕೂತರೆ ಕಣ್ಣಲ್ಲಿ ನೀರು ಸುರಿಸುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು, ಅದನ್ನೂ ತಡೆಯದ ಹೆಂಗಸು ಎಂದು ಅತ್ತಿ ಓಣಿಯವರ ಮುಂದೆ ಆಡಿಕೊಂಡಳು. ಒಂದು ವಾರ ಮೇಡಂ ಬರಿಯ ಅನ್ನ, ಮೊಸರು, ಸೌತೆಕಾಯಿಯ ಮೇಲೆ ದಿನ ದೂಡಿದರು. ಅವ್ವನಿಗೆ ಅದು ಅವಮಾನವಾಗಿ ಕಂಡಿತು. ತಾನು ಬಡಿಸಿದ ತಾಟಿನಿಂದ ಒಬ್ಬರು ಹಸಿದು ಏಳುವುದು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಒಂದು ಭಾನುವಾರ ಅತ್ತಿ ದೇವರಗುಡ್ಡಕ್ಕೆ ಹೋಗಿದ್ದಳು. ಅವ್ವ ಮೆಟ್ಟಿಲ ಬುಡದಲ್ಲಿ ನಿಂತು ಮೇಡಂನ ಕರೆದಳು, ಕೈ ಬಾಯಿ ಸನ್ನೆ ಮಾಡಿ, ನೀವು ಏನು ಉಣ್ಣುತ್ತೀರೋ ತೋರಿಸಿ, ನಾನು ಮಾಡುತ್ತೇನೆ ಎಂದಳು. ನನ್ನ ಐದನೆಯ ಇಯತ್ತೆಯ ಇಂಗ್ಲಿಷು ಸಾಲದಾದಾಗ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಅಪ್ಪನನ್ನು ಕೂಗಿದಳು. ಅಪ್ಪನೇ ಅವತ್ತು ಅವರ ಇಂಗ್ಲಿಷನ್ನು ಕನ್ನಡಕ್ಕೆ, ಅವ್ವನ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದವನು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಅವನು ಅಲ್ಲೇ ನಿಂತಿದ್ದ.

ಮೇಡಂ ತಮ್ಮ ಪೆಟ್ಟಿಗೆಯಿಂದ ಎರಡು ಬಾಟಲಿ ತಂದರು. ಒಂದರಲ್ಲಿ ಕಪ್ಪು ಸೋಯಾ ಸಾಸು, ಸ್ಟೇಷನ್ ರಸ್ತೆಯ ಗೋಬಿ ಮಂಚೂರಿ ಗಾಡಿಯವರು ಹಾಕುವುದಕ್ಕಿಂತ ತೆಳುವಾದದ್ದು. ಇನ್ನೊಂದರಲ್ಲಿ ಜೇನಿನ ಬಣ್ಣದ ನೀರು, ಮೇಲೆ ಭತ್ತದ ತೆನೆಯ ಚಿತ್ರ. ಅವ್ವ ಅದನ್ನು ಮೂಸಿ, ಮದ್ಯದ ವಾಸನೆ ಬಂದಂತಾಗಿ ಅಪ್ಪನ ಮುಖ ನೋಡಿದಳು. ಅಪ್ಪ ಮೇಡಂ ಜೊತೆ ಮಾತಾಡಿ ಹೇಳಿದ:

“ಅಕ್ಕಿಯಿಂದ ಮಾಡಿದ್ದಂತ. ಸಿಹಿ ಇರ್ತೈತಿ, ಆದ್ರ ಚೂರು ಸೆರೆ ಐತಂತ ಅದರಾಗ.”

“ಹಂಗಂದ್ರ ಅದು ಬ್ಯಾಡ,” ಅಂದಳು ಅವ್ವ. “ಸಿಹಿನ ಬೇಕಾದ್ರ ನಮ್ಮಲ್ಲಿ ಬೆಲ್ಲ ಇಲ್ಲೇನ್ರಿ? ಹೇಳ್ರಿ ಅವರಿಗೆ.”

ಅಪ್ಪ ಹೇಳಿದ. ಮೇಡಂ ತಕ್ಷಣ ಆ ಬಾಟಲಿಯ ಮುಚ್ಚಳ ತಿರುವಿ ಮೇಲೆ ಒಯ್ದು ಇಟ್ಟು ಬಂದರು. ಅಡುಗೆಮನೆಗೆ ಅವರು ಬರುವಂತಿರಲಿಲ್ಲ, ಅವ್ವನೇ ಸ್ಟೋವು ಹಿತ್ತಲಿಗೆ ತಂದು ಹಚ್ಚಿದಳು. ಸಣ್ಣ ಪಾತೇಲಿಯಲ್ಲಿ ಒಂದು ಬಟ್ಟಲು ಸೋಯಾ, ಅರ್ಧ ಬಟ್ಟಲು ನೀರು, ಮುಷ್ಟಿ ಬೆಲ್ಲ, ಜಜ್ಜಿ ಹಿಂಡಿದ ಶುಂಠಿಯ ರಸ, ನಾಲ್ಕು ಎಸಳು ಬೆಳ್ಳುಳ್ಳಿ. ಉರಿ ಸಣ್ಣಗಿರಬೇಕು, ಕುದಿಯಬೇಕು ಆದರೆ ಉಕ್ಕಬಾರದು ಎಂದು ಮೇಡಂ ಬೆರಳು ಕುಣಿಸಿ ತೋರಿಸಿದರು. ಅರ್ಧಕ್ಕೆ ಇಳಿದ ಮೇಲೆ ಚಮಚ ಅದ್ದಿ ಎತ್ತಿದರು, ಹಿಂಬದಿಗೆ ಕಪ್ಪು ಪದರ ಹಿಡಿದು ನಿಂತಿತ್ತು, ಬೆರಳಿಂದ ಗೀಟು ಎಳೆದರೆ ಗೀಟು ಮುಚ್ಚಲಿಲ್ಲ. ಆಯಿತು ಎಂದು ತಲೆಯಾಡಿಸಿದರು. ಬದನೆಕಾಯಿಯನ್ನು ಬಿಲ್ಲೆಯಾಗಿ ಹೆಚ್ಚಿ ಹಂಚಿನ ಮೇಲೆ ಎಣ್ಣೆಯಲ್ಲಿ ಕೆಂಪಗೆ ಬೇಯಿಸಿ, ಆ ರಸ ಮೇಲೆ ಸುರಿದಾಗ ಚೊಂಯ್ ಅಂತು, ಬಿಲ್ಲೆಗಳೆಲ್ಲ ಹೊಸ ಚಪ್ಪಲಿಯಂತೆ ಮಿರಮಿರ ಮಿಂಚಿದವು. ತೆರಿ ಅಂದರೆ ಹೊಳಪಂತೆ, ಯಾಕಿ ಅಂದರೆ ಸುಡುವುದಂತೆ, ಇದಕ್ಕೆ ತೆರಿಯಾಕಿ ಎನ್ನುತ್ತಾರಂತೆ ಎಂದು ಅಪ್ಪ ತಿಳಿಸಿದ. ಅವ್ವ ಬಾಯಿಗೆ ಸೆರಗು ಒತ್ತಿ ನಕ್ಕಳು.

“ಯಾರ ಬಂದ್ರೂ ಎದ್ದು ಹೋಗಿ ಬಾಗ್ಲಾ ತೆರಿಯಾಕಿ ನಾನ ಅಲ್ಲೇನ್ರಿ ಈ ಮನ್ಯಾಗ? ನನ್ನ ಹೆಸರ ಇಟ್ಟಾರ ಬಿಡ್ರಿ ಇದಕ್ಕ.”

ನಾವು ನಾಲ್ವರೂ ಹಿತ್ತಲ ಕಟ್ಟೆಯ ಮೇಲೆ ಕೂತು ಬಿಸಿ ಅನ್ನದ ಜೊತೆ ಅದನ್ನು ಉಂಡೆವು. ಮೇಡಂ ಮೂರು ಸಲ ಅನ್ನ ಹಾಕಿಸಿಕೊಂಡರು. ಅಪ್ಪನೂ ಮೂರು ಸಲ. ಅವ್ವ ಹಂಚಿನ ಮುಂದೆ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದಳು, ಅವಳನ್ನು ನಾನು ಅಷ್ಟು ಚಂದ ಕಂಡದ್ದು ಅದೇ ಮೊದಲು.

ಮೇಡಂನ ಸೋಯಾ ಬಾಟಲಿ ಹತ್ತು ದಿನದಲ್ಲಿ ತೀರಿತು. ಆಮೇಲೆ ಅವ್ವ ಹುಬ್ಬಳ್ಳಿಯಿಂದ ತರಿಸಿದ ಬಾಟಲಿಯಲ್ಲಿ ಮಾಡಲು ಹತ್ತಿದಳು. ಅದರ ಉಪ್ಪು ಗಡಸು, ನೀರು ಹೆಚ್ಚು ಹಾಕಬೇಕಾಯಿತು, ಬೆಲ್ಲದ ಜೊತೆ ನಿಂಬೆಯ ನಾಲ್ಕು ಹನಿ ಬೇಕಾಯಿತು. ಒಂದು ಸಲ ಬೆಲ್ಲ ತಳ ಹಿಡಿದು ಕಹಿಯಾಯಿತು, ಚೆಲ್ಲಿ ಮತ್ತೆ ಮಾಡಿದಳು. ಕೊನೆಗೆ ಅವಳದೇ ಒಂದು ಹದ ಸಿಕ್ಕಿತು, ಅದರಲ್ಲಿ ಒಂದು ಬ್ಯಾಡಗಿ ಮೆಣಸಿನಕಾಯಿಯನ್ನು ಬೀಜ ಉದುರಿಸಿ ಹಾಗೇ ಕುದಿಸಿ ತೆಗೆಯುವುದೂ ಸೇರಿತ್ತು, ಖಾರವಿಲ್ಲದೆ ಬರೀ ಬಣ್ಣ ಮತ್ತು ಘಮ. ಮೇಡಂ ಅದನ್ನು ನೆಕ್ಕಿ ನೋಡಿ, ತಮ್ಮ ತಾಯಿ ಮಾಡಿದ್ದಕ್ಕಿಂತ ಇದು ಚಲೋ ಎಂದರು. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದವನೂ ಅಪ್ಪನೇ, ಸ್ವಲ್ಪ ಒಲ್ಲದ ದನಿಯಲ್ಲಿ. ಗಾಜಿನ ಉಪ್ಪಿನಕಾಯಿ ಭರಣಿಯೊಂದರಲ್ಲಿ ಅವ್ವ ಅದನ್ನು ತುಂಬಿಟ್ಟಳು. ಬದನೆಕಾಯಿ, ಹೂಕೋಸು, ಬೆಂಡಿಕಾಯಿ, ಯಾವುದಕ್ಕಾದರೂ ಸುರಿದು ಅಪ್ಪನ ಮಧ್ಯಾಹ್ನದ ಡಬ್ಬಿಗೆ ಹಾಕುತ್ತಿದ್ದಳು. ಅಪ್ಪನ ಡಬ್ಬಿ ಮುಂಚೆ ಅರ್ಧ ಉಳಿದು ಬರುತ್ತಿತ್ತು, ಈಗ ರೊಟ್ಟಿಯ ಚೂರಿನಿಂದ ಬಳಿದು ಸ್ವಚ್ಛವಾಗಿ ಬರುತ್ತಿತ್ತು. ಅತ್ತಿಗೆ ಇದು ಕಾಣುತ್ತಿತ್ತು. ಊಟದ ತಾಟು ಕೆಂಪಗಿರಬೇಕು, ಕಪ್ಪನೆಯದು ಏನದು, ಡಾಂಬರು ಉಣ್ಣುತ್ತೀರೇನು ಎಂದು ಒಮ್ಮೆ ಅಂದಳು. ಅವಳ ಅಸಮಾಧಾನ ಬಣ್ಣದ ಮೇಲೆ ಇರಲಿಲ್ಲ. ಆ ಮನೆಯಲ್ಲಿ ಮೊದಲ ಸಲ ಒಂದು ರುಚಿಯನ್ನು ಅವಳು ಹೇಳಿಕೊಟ್ಟದ್ದು ಎನ್ನಲು ಬರುತ್ತಿರಲಿಲ್ಲ.

ಈಗ ನನ್ನ ಪಾಲು ಹೇಳಬೇಕು. ಅತ್ತಿ ನನ್ನನ್ನು ಎದುರಿಗೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತ ಮೇಲಿನ ಖೋಲಿಯ ಸುದ್ದಿ ಕೇಳುತ್ತಿದ್ದಳು. ಮೇಡಂ ಏನು ಓದುತ್ತಾರೆ, ಹೇಗೆ ಮಲಗುತ್ತಾರೆ, ಪೆಟ್ಟಿಗೆಯಲ್ಲಿ ಏನಿದೆ. ದೊಡ್ಡವರು ನನ್ನ ಮಾತು ಅಷ್ಟು ಗಮನ ಕೊಟ್ಟು ಕೇಳುವುದು ನನಗೆ ಹಿತವಾಗಿತ್ತು. ಹೇಳಲು ಏನೂ ಉಳಿಯದ ಒಂದು ದಿನ, ಕಿಟಕಿಯ ಮೇಲೆ ಭತ್ತದ ಚಿತ್ರದ ಬಾಟಲಿ ಇದೆ, ಅದರಲ್ಲಿ ಸೆರೆ ಇದೆಯಂತೆ ಎಂದೆ. ಅವ್ವ ಅದನ್ನು ಬೇಡ ಅಂದಳು ಎಂಬುದನ್ನೂ ಹೇಳಿದೆ. ಖರೇ ಹೇಳುತ್ತೇನೆ, ಎರಡನ್ನೂ ಹೇಳಿದೆ. ಅತ್ತಿ ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟಳು.

ಸೋಮವಾರಕ್ಕೊಮ್ಮೆ ನಮ್ಮ ಮನೆಗೆ ಮಠದ ಅಯ್ಯನವರು ಬರುತ್ತಿದ್ದರು. ಪಾದಪೂಜೆಯಾಗಿ ಪ್ರಸಾದಕ್ಕೆ ಕೂತರೆ ಜೊತೆಗೆ ಓಣಿಯ ನಾಲ್ಕು ಹಿರಿಯರೂ ಇರುತ್ತಿದ್ದರು, ಅಪ್ಪ ಅವತ್ತು ಮಧ್ಯಾಹ್ನ ಮನೆಗೆ ಬಂದು ಅವರ ಪಂಕ್ತಿಯಲ್ಲೇ ಕೂಡುತ್ತಿದ್ದ. ಆ ಸೋಮವಾರ ಅವ್ವ ಎರಡನೆಯ ಸಲ ರೊಟ್ಟಿ ತಂದಾಗ ಅತ್ತಿ ಅವಳ ಮುಂದೆ ಕೈ ಅಡ್ಡ ಹಿಡಿದಳು.

“ಅಯ್ಯನಾರ, ತಪ್ಪಾತ್ರಿ. ಈ ಮನ್ಯಾಗ ಇನ್ನ ಮುಂದ ನೀವು ಉಣಬಾರದು. ಇಕೀ ಸೆರೆ ಹಾಕಿ ಅಡಿಗಿ ಮಾಡಾಕತ್ಯಾಳ. ಆ ಜಪಾನದಾಕಿ ತಂದ ಸೆರೆ. ಭರಣಿ ತುಂಬಿ ಒಲಿ ಮಗ್ಗಲ ಇಟಗೊಂಡಾಳ.”

ಪಂಕ್ತಿಯಲ್ಲಿ ಎಲ್ಲರ ಕೈ ನಿಂತವು. ಅವ್ವ ರೊಟ್ಟಿಯ ಬುಟ್ಟಿ ಹಿಡಿದುಕೊಂಡೇ ಹೇಳಿದಳು:

“ಇಲ್ರಿ. ಸೆರೆ ನಾ ಮುಟ್ಟಿಲ್ಲ. ಬೆಲ್ಲ ಹಾಕಿ ಮಾಡೇನಿ. ಇವರನ್ನ ಕೇಳ್ರಿ, ಅವತ್ತ ಇವರೂ ಅಲ್ಲೇ ನಿಂತಿದ್ರು.”

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅತ್ತಿ ಬಹಳ ಮೆತ್ತಗೆ ಕೇಳಿದಳು, ಅವಳ ಆ ಮೆತ್ತನೆಯ ದನಿ ನನಗೆ ಇನ್ನೂ ಕೇಳಿಸುತ್ತದೆ:

“ತಮ್ಮಾ, ನೀನೂ ತಿಂದೀಯೇನು ಅದನ್ನ?”

ಅಪ್ಪ ಅವ್ವನನ್ನು ನೋಡಲಿಲ್ಲ. ಅಯ್ಯನವರನ್ನು ನೋಡಿದ, ಓಣಿಯ ಹಿರಿಯರನ್ನು ನೋಡಿದ. ಆಮೇಲೆ ತಾಟು ನೋಡಿಕೊಂಡು ಅಂದ:

“ನಾ ತಿಂದಿಲ್ಲ. ಅದ್ರಾಗ ಏನ ಹಾಕ್ತಾರೋ ನನಗ ಗೊತ್ತಿಲ್ಲ.”

ಹಿಂದಿನ ದಿನದ ಅವನ ಡಬ್ಬಿ ಹಿತ್ತಲ ಬಚ್ಚಲ ಕಟ್ಟೆಯ ಮೇಲಿತ್ತು. ಭಾನುವಾರವೂ ಹೊಲದ ಕೆಲಸವಿದೆ ಎಂದು ಒಯ್ದಿದ್ದ, ಅವತ್ತು ಬೆಳಗಿನ ಗಡಿಬಿಡಿಯಲ್ಲಿ ಅವ್ವ ಅದನ್ನಿನ್ನೂ ತೊಳೆದಿರಲಿಲ್ಲ. ಒಳಗಿನ ಅಂಚಿನಲ್ಲಿ ಕಪ್ಪು ರಸದ ಪಸೆ ಒಣಗಿ ಅಂಟಿತ್ತು, ಅವನ ಬೆರಳು ಬಳಿದ ಗೆರೆಗಳೂ ಇದ್ದವು. ನಾನು ಓಡಿಹೋಗಿ ಅದನ್ನು ಹಿಡಿದುಕೊಂಡು ಬಂದೆ. ಪಡಸಾಲೆಯ ಹೊಸ್ತಿಲಿಗೆ ಬರುತ್ತಲೇ ಅವ್ವ ನನ್ನ ಕೈ ನೋಡಿದಳು, ಎಲ್ಲ ತಿಳಿಯಿತು ಅವಳಿಗೆ.

“ಒಳಗ ಇಡು ಅದನ್ನ, ಸುಮಿ.”

“ಅವ್ವಾ, ಅಪ್ಪ...”

“ಒಳಗ ಇಡು ಅಂದೆ.”

ಇಟ್ಟೆ. ಅತ್ತಿ ಭರಣಿ ತಂದು ಎಲ್ಲರ ಕಣ್ಣೆದುರು ಬಚ್ಚಲಿಗೆ ಸುರಿದಳು. ಅಡುಗೆಮನೆಯ ಸಾಮಾನೆಲ್ಲ ಹಿತ್ತಲಿಗೆ ಬಂತು, ಅವ್ವ ಒಬ್ಬಳೇ ಸಂಜೆಯ ತನಕ ಬೂದಿ ಹಾಕಿ ತಿಕ್ಕಿದಳು, ಒಲೆ ಸಾರಿಸಿದಳು, ತಲೆಯ ಮೇಲೆ ನೀರು ಸುರಿದುಕೊಂಡು ಅಯ್ಯನವರ ಕಾಲಿಗೆ ಬಿದ್ದು ತಾನು ಮಾಡದ ತಪ್ಪಿಗೆ ತಪ್ಪಾಯಿತು ಎಂದಳು. ಅಪ್ಪ ಮೋಟರ್‌ಸೈಕಲ್ ಹತ್ತಿ ಕೆಲಸಕ್ಕೆ ಹೋದ. ಏನು ನಡೆಯಿತೆಂದು ಯಾರೋ ಹೇಳಿರಬೇಕು, ಮರುದಿನ ಹಿಸಾಯೊ ಮೇಡಂ, ಬಣ್ಣದ ವಾಸನೆ ಇನ್ನೂ ಹೋಗದ ಗೆಸ್ಟ್ ಹೌಸಿಗೆ ಪೆಟ್ಟಿಗೆ ಸಾಗಿಸಿದರು. ಹೋಗುವಾಗ ಅವ್ವನ ಮುಂದೆ ಬಹಳ ಹೊತ್ತು ಬಾಗಿ ನಿಂತಿದ್ದರು. ಅವ್ವ ಅವರ ಹೆಗಲು ಹಿಡಿದು ಎತ್ತಿದಳು. ಯಾರದು ತಪ್ಪೋ ಅವರನ್ನು ಬಿಟ್ಟು ಆ ಮನೆಯಲ್ಲಿ ಎಲ್ಲರೂ ಬಾಗಿದ್ದರು.

ಅವ್ವ ನನ್ನ ಕೈ ತಡೆದದ್ದಕ್ಕೆ ನಾನು ಅವಳ ಮೇಲೆ ಎಷ್ಟೋ ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಅಪ್ಪನ ಮೇಲಿನ ಸಿಟ್ಟಿಗಿಂತ ಅದೇ ಹೆಚ್ಚು ಸುಡುತ್ತಿತ್ತು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಕೇಳಿಯೇಬಿಟ್ಟೆ, ಯಾಕೆ ತಡೆದೆ ಎಂದು. ಅವ್ವ ಕಾಳು ಆರಿಸುತ್ತಿದ್ದಳು, ತಲೆ ಎತ್ತದೆ ಹೇಳಿದಳು:

“ಡಬ್ಬಿ ನೋಡಿದ್ರ ನಂಬತಿದ್ರು ಅವರು. ಅವತ್ತಿಗೆ ಹದಿಮೂರು ವರ್ಷ ಅವರಿಗೆ ಬಡಿಸಿದ್ದೆ, ನನ್ನ ಮಾತ ನಂಬಲಿಲ್ಲ. ಡಬ್ಬಿ ಮಾತ ನಂಬೂ ಮಂದಿಗೆ ನಾ ಯಾಕ ತೋರಿಸ್ಲಿ?”

ಆದರೆ ಅವ್ವ ಸುಮ್ಮನೆ ಇದ್ದವಳಲ್ಲ. ಆ ಸೋಮವಾರದ ಮರುದಿನ ಬೆಳಿಗ್ಗೆ ಅಪ್ಪ ಬೂಟು ಹಾಕಿಕೊಂಡು ಡಬ್ಬಿಗೆ ಕೈ ಚಾಚಿದಾಗ ಅದು ಖಾಲಿ ಇತ್ತು. ಅವ್ವ ಎಲ್ಲರಿಗೂ ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಆ ಡಬ್ಬಿ ಒಂದನ್ನು ಮಾತ್ರ ಮುಟ್ಟಲಿಲ್ಲ. ಅತ್ತಿ ಬೈದಳು, ಬಿಟ್ಟಳು, ಕೊನೆಗೆ ತಾನೇ ತುಂಬತೊಡಗಿದಳು. ಅವಳು ಒಣ ರೊಟ್ಟಿಗೆ ಚಟ್ನಿಪುಡಿ ಕಟ್ಟಿಕೊಡುತ್ತಿದ್ದಳು, ಅಪ್ಪ ಒಯ್ಯುತ್ತಿದ್ದ. ಒಂದು ತಿಂಗಳಾದ ಮೇಲೆ ಅವ್ವ ಮೇಲಿನ ಖೋಲಿಯನ್ನು ಸ್ವಚ್ಛ ಮಾಡಿ, ಸ್ಟೋವನ್ನು ಮೇಲೆ ಒಯ್ದಳು. ಪ್ರತಿ ಭಾನುವಾರ ಮಧ್ಯಾಹ್ನ ಕೆಳಗಿನ ಊಟವೆಲ್ಲ ಮುಗಿಸಿ, ಪಾತ್ರೆ ತೊಳೆದಿಟ್ಟು, ನನ್ನನ್ನು ಕರೆದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಬಾಗಿಲು ತೆರೆದಿಟ್ಟು ತೆರಿಯಾಕಿ ಮಾಡುತ್ತಿದ್ದಳು. ಶುಂಠಿ, ಬೆಳ್ಳುಳ್ಳಿ, ಬೆಲ್ಲ ಕಂದುವ ಘಮ ಓಣಿಗೆಲ್ಲ ಹೋಗುತ್ತಿತ್ತು. ಅತ್ತಿ ಕೆಳಗೆ ನಿಂತು, ಒಂದು ಮನೆಗೆ ಎರಡು ಒಲೆ ಉರಿಸುವವಳು ಮನೆ ಮುರಿಯುವವಳು ಎಂದು ಕೂಗಿದಳು. ಅವ್ವ ಮೇಲಿಂದ ಬಾಗಿ ಉತ್ತರ ಕೊಟ್ಟಳು, ದನಿ ಏರಿಸದೆ:

“ಸೆರೆ ಐತೇನು ಬಂದು ಮೂಸಿ ನೋಡ್ರಿ ಅಕ್ಕಾರ. ಬಾಗ್ಲಾ ತೆರದೈತಿ.”

ಅತ್ತಿ ಬರಲಿಲ್ಲ. ಬಂದವನು ಅಪ್ಪ. ನಾಲ್ಕೈದು ತಿಂಗಳ ಮೇಲೆ, ಅತ್ತಿ ಬ್ಯಾಡಗಿಗೆ ಹೋಗಿದ್ದ ಒಂದು ಭಾನುವಾರ, ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸಿತು. ನಾವಿಬ್ಬರೂ ತಾಟು ಮುಂದಿಟ್ಟುಕೊಂಡಿದ್ದೆವು. ಅವನು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತ. ಹಂಚಿನ ಮೇಲೆ ಇನ್ನೂ ಆರು ಬಿಲ್ಲೆ ಇದ್ದವು, ಅವನ ಕಣ್ಣು ಅವುಗಳ ಮೇಲೆಯೇ ಇತ್ತು.

“ನನಗೂ ಚೂರು ಹಾಕು, ಗಿರಿಜಾ.”

ಅವ್ವ ಕೈ ತೊಳೆದುಕೊಂಡು ಎದ್ದಳು. ಹಾಕಿಯೇಬಿಡುತ್ತಾಳೆ ಎಂದುಕೊಂಡೆ.

“ಹಾಕ್ತೇನ್ರಿ. ಅಕ್ಕಾರ ಮುಂದ ಒಂದ ಮಾತ ಹೇಳಿ ಬರ್ರಿ, ನಾ ತಿಂದಿದ್ದೆ, ಅದ್ರಾಗ ಸೆರೆ ಇರಲಿಲ್ಲ ಅಂತ. ಅಷ್ಟ ಸಾಕು. ಯಾವಾಗ ಹೇಳ್ತೀರೋ ಅವತ್ತ ಬಂದು ಉಣ್ರಿ.”

“ಆಗಿದ್ದು ಆಗಿ ಹೋತು. ಈಗ್ಯಾಕ ಅದನ್ನ ಕೆದಕೂದು?”

“ನಾ ಕೆದಕಾಕತ್ತಿಲ್ಲ. ನೀವು ಉಣ್ಣಾಕ ಕೇಳಿದ್ರಿ.”

ಅಪ್ಪ ಮೆಟ್ಟಿಲು ಇಳಿದು ಹೋದ. ಒಂದು ವಾಕ್ಯ. ಅಕ್ಕನ ಮುಂದೆ ಒಂದು ವಾಕ್ಯ ಹೇಳುವುದಕ್ಕಿಂತ ಜೀವನವಿಡೀ ಆ ರುಚಿ ಬಿಡುವುದು ಅವನಿಗೆ ಸುಲಭವಾಗಿ ಕಂಡಿತು. ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಅವನು ಕೆಟ್ಟವನಾಗಿದ್ದರೆ ನನ್ನ ಸಿಟ್ಟಿಗೆ ಇಷ್ಟು ಆಯುಷ್ಯ ಇರುತ್ತಿರಲಿಲ್ಲ. ಜ್ವರ ಬಂದರೆ ನನ್ನನ್ನು ಹೆಗಲ ಮೇಲೆ ಹೊತ್ತು ದವಾಖಾನೆಗೆ ಓಡಿದವನು ಅವನೇ. ನನ್ನನ್ನು ಬಿ.ಎಸ್ಸಿ. ಓದಿಸಬೇಕೆಂದು ಅತ್ತಿಗೆ ತಿಳಿಯದಂತೆ ಅರ್ಜಿ ತಂದವನೂ ಅವನೇ. ಅತ್ತಿಗೆ ತಿಳಿಯದಂತೆ ಅವನು ಎಲ್ಲ ಒಳ್ಳೆಯದನ್ನೂ ಮಾಡಬಲ್ಲವನಾಗಿದ್ದ. ಎದುರಿಗೆ ಮಾಡಲಾರ. ಎದುರಿಗೆ ಮಾಡಬೇಕಾದದ್ದನ್ನೆಲ್ಲ ಅವ್ವನಿಗೆ ಬಿಟ್ಟ.

ನಾನು ಮದುವೆಯಾಗಿ ಹಾವೇರಿಗೆ ಬಂದೆ. ನನ್ನ ಅಡುಗೆಮನೆಗೆ ಎರಡು ಕಿಟಕಿ ಇಡಿಸಿದೆ. ಮೇಲಿನ ಖೋಲಿಯಲ್ಲಿ ಅವ್ವನ ಭಾನುವಾರ ನಿಲ್ಲಲಿಲ್ಲ, ಓಣಿಯ ಸೊಸೆಯಂದಿರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದು ಕಲಿತುಕೊಂಡು ಹೋಗತೊಡಗಿದರು. ಅತ್ತಿಯ ಮೊಣಕಾಲು ಹೋದವು, ಕಿವಿ ಮಂದವಾಯಿತು, ಕೂಗುವುದು ನಿಂತಿತು. ಅಪ್ಪ ನಿವೃತ್ತನಾದ. ಇಷ್ಟರಲ್ಲೂ ಆ ವಾಕ್ಯ ಬರಲಿಲ್ಲ, ಅವ್ವ ಕೇಳಲೂ ಇಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಮಗಳು ಸಿಂಚನಾ ಕಾಲೇಜಿನ ಇಬ್ಬರು ಗೆಳತಿಯರನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಬಂದಿದ್ದಳು. ನಾನು, ನನ್ನ ಗಂಡ ಇಬ್ಬರೂ ಇದ್ದೆವು. ಸೂಪರ್ ಮಾರ್ಕೆಟಿನಿಂದ ತಂದ ತೆರಿಯಾಕಿ ಸಾಸಿನ ಬಾಟಲಿಯನ್ನು ಹುಡುಗಿಯರು ಪನೀರಿಗೆ ಸುರಿದು ಏನೋ ಮಾಡಿ ಪಡಸಾಲೆಯಲ್ಲಿ ಎಲ್ಲರಿಗೂ ಬಡಿಸಿದರು. ಬಾಟಲಿಯ ಮೇಲಿನ ಹೆಸರನ್ನು ಸಿಂಚನಾ ಗಟ್ಟಿಯಾಗಿ ಓದಿದಳು. ಅಪ್ಪ ಹುಡುಗಿಯರ ಕಡೆ ತಿರುಗಿ, ಅವರನ್ನು ಮೆಚ್ಚಿಸುವ ಹುರುಪಿನಲ್ಲಿ ಅಂದ:

“ಇದೇನ್ ಹೊಸಾದಲ್ಲವ್ವ. ನಮ್ಮ ಮನ್ಯಾಗ ಆವಾಗ ಮಾಡ್ತಿದ್ವಿ. ಜಪಾನದವರು ಬಂದು ಕಲಿಸಿದ್ರು. ಈ ಬಾಟ್ಲಿದು ಬರೇ ಸಿಹಿ, ನಮ್ಮದು ಭಾಳ ರುಚಿ ಇರ್ತಿತ್ತು.”

ಮಾಡ್ತಿದ್ವಿ ಎಂದ. ಮಾಡಿದವಳು ಅವ್ವ ಒಬ್ಬಳೇ. ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವ್ವ ಕೇಳಿದಳು. ಜಗಳದ ದನಿಯಲ್ಲ, ಉಪ್ಪು ಬೇಕೇನು ಎಂದು ಕೇಳುವ ದನಿ.

“ನೀವ ಯಾವಾಗ ತಿಂದ್ರಿ?”

ಹುಡುಗಿಯರಿಗೆ ಏನೂ ಅರ್ಥವಾಗಲಿಲ್ಲ, ಆದರೂ ತಿನ್ನುವುದನ್ನು ನಿಲ್ಲಿಸಿದರು. ಅಪ್ಪ ತಾಟಿನತ್ತ ನೋಡಿದ, ಅವತ್ತಿನ ಹಾಗೆಯೇ. ಈ ಸಲ ಅವ್ವ ಬುಟ್ಟಿ ಹಿಡಿದು ನಿಂತಿರಲಿಲ್ಲ, ಅವನ ಎದುರಿಗೆ ಕುರ್ಚಿಯ ಮೇಲೆ ಕೂತಿದ್ದಳು, ಕಾಯುತ್ತಿದ್ದಳು. ತಾಟನ್ನು ಆಚೆ ಸರಿಸಿ ಅವನು ಅಂದ:

“ತಿಂದೇನಿ. ದಿನಾ ತಿಂತಿದ್ದೆ. ಸೆರೆ ಇರಲಿಲ್ಲ ಅದ್ರಾಗ.”

“ಜೋರಾಗಿ ಹೇಳ್ರಿ,” ಅಂದಳು ಅವ್ವ. “ಅಕ್ಕಾರಿಗೆ ಕೇಳಿಲ್ಲ.”

ಅಪ್ಪ ಮಂಚದ ಮೇಲೆ ಒರಗಿದ್ದ ಅತ್ತಿಯ ಕಡೆ ತಿರುಗಿ, ಎಪ್ಪತ್ತೈದು ವರ್ಷದ ಗಂಟಲು ಏರಿಸಿ ಅದನ್ನೇ ಮತ್ತೆ ಹೇಳಿದ. ಅತ್ತಿ ಹಲ್ಲಿಲ್ಲದ ಬಾಯಲ್ಲಿ ಪನೀರಿನ ಚೂರನ್ನು ಹೊರಳಿಸುತ್ತಿದ್ದಳು. ನುಂಗಿ, ಬಾಯಿ ಒರೆಸಿಕೊಂಡು ಅಂದಳು:

“ನನಗ ಅವತ್ತ ಗೊತ್ತಿತ್ತು. ಭರಣಿ ಸುರುವೂಕಿಂತ ಮೊದಲ ಬೆರಳ ಅದ್ದಿ ನೆಕ್ಕಿದ್ದೆ. ಬರೇ ಬೆಲ್ಲ.”

ಎದ್ದು ಹೊರಗೆ ಹೋದೆ. ಇಲ್ಲದಿದ್ದರೆ ಆ ಮುದುಕಿಗೆ ನಾನು ಏನು ಅನ್ನುತ್ತಿದ್ದೆನೋ. ಅಂಗಳದ ಬೇವಿನ ಮರದ ಕೆಳಗೆ ನಿಂತು ಎರಡು ಕೈಯನ್ನೂ ಬಿಗಿಹಿಡಿದುಕೊಂಡೆ. ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರಿಗೂ ಗೊತ್ತಿದ್ದ ಒಂದು ಸುಳ್ಳಿನ ಕೆಳಗೆ ನನ್ನ ಅವ್ವ ಸಂಜೆಯ ತನಕ ಪಾತ್ರೆ ತಿಕ್ಕಿದ್ದಳು. ನನ್ನ ಗಂಡ ಬಂದು, ಎಲ್ಲ ಒಪ್ಪಿಕೊಂಡರಲ್ಲ, ಇನ್ನು ಬಿಡು ಎಂದ. ಬಿಡುವವಳಲ್ಲ ನಾನು. ಬಿಟ್ಟುಬಿಡು ಎಂದು ಹೇಳುವವರು ಯಾವಾಗಲೂ ಆ ಪಾತ್ರೆ ತಿಕ್ಕದವರೇ.

ಮುಂದಿನ ಭಾನುವಾರ ಹಾವೇರಿಯಿಂದ ಮತ್ತೆ ಹೋದೆ. ಮೇಲಿನ ಖೋಲಿಯಲ್ಲಿ ಅವ್ವ ಬದನೆಕಾಯಿ ಸುಡುತ್ತಿದ್ದಳು, ಚಮಚದ ಹಿಂಬದಿಗೆ ರಸ ಹಿಡಿದಿದೆಯೇ ಎಂದು ನೋಡುತ್ತಿದ್ದಳು. ಅಪ್ಪ ಸರಳು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದ, ಮೂರು ಕಡೆ ನಿಂತು ಉಸಿರು ಎಳೆದುಕೊಂಡ. ಬಾಗಿಲಲ್ಲಿ ನಿಂತು ಏನೂ ಕೇಳಲಿಲ್ಲ. ಅವ್ವ ಮಣೆ ಸರಿಸಿದಳು, ತಾಟು ಇಟ್ಟಳು, ಬಿಸಿ ಅನ್ನ ಹಾಕಿ ಮೇಲೆ ಆರು ಬಿಲ್ಲೆ ಬಡಿಸಿದಳು. ಹೇಳಿದರೆ ಬಡಿಸುತ್ತೇನೆ ಎಂದಿದ್ದಳು, ಅವನು ಹೇಳಿದ್ದ, ಅವಳು ಬಡಿಸಿದಳು. ಅವನು ಉಣ್ಣುತ್ತಲೇ ಅತ್ತುಬಿಟ್ಟ, ಅವಳು ನೀರಿನ ಲೋಟ ಹತ್ತಿರ ಸರಿಸಿದಳು. ಅವಳು ಕೊಟ್ಟ ಮಾತಿಗೆ ನಿಲ್ಲುವವಳು.

ನಾನಾಗಿದ್ದರೆ ಬಡಿಸುತ್ತಿರಲಿಲ್ಲ.